ಕನ್ನಡ ವರ್ಣಮಾಲೆಯ ದಾರಿಯಿಂದ ಜಪಾನಿನ ಹಿರಗನ, ಕತಕನ ಕಲಿಯುವ ಬಗೆ

ಪುಣೆಯಲ್ಲಿ ಜಪಾನಿ ಭಾಷೆಯ ತರಗತಿಗೆ ಸೇರಿದವರ ಕೈಗೆ ಮೊದಲ ದಿನವೇ ಒಂದು ಅಕ್ಷರಪಟ ಬರುತ್ತದೆ. ಅದಕ್ಕೆ ಗೊಜೂಒನ್, ಅಂದರೆ ‘ಐವತ್ತು ಧ್ವನಿಗಳು’ ಎಂದು ಹೆಸರು. ಮೊದಲ ಸಾಲಿನಲ್ಲಿ ಅ, ಇ, ಉ, ಎ, ಒ ಎಂಬ ಐದು ಸ್ವರಗಳಿರುತ್ತವೆ. ಅನಂತರದ ಸಾಲುಗಳು ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿ ಸಾಗುತ್ತವೆ. ಈ ಪಟವನ್ನು ಉರುಹೊಡೆಯಲು ಆರಂಭಿಸುವ ಮೊದಲು ಅದರ ಪಕ್ಕದಲ್ಲಿ ನಮ್ಮ ವರ್ಣಮಾಲೆಯನ್ನು ಬರೆದಿಟ್ಟುಕೊಂಡು ಹತ್ತು ನಿಮಿಷ ನೋಡಬೇಕೆಂಬುದು ನನ್ನ ಮೊದಲ ಸಲಹೆ. ಕ ವರ್ಗದ ಜಾಗದಲ್ಲಿ ‘ಕ’ ಇದೆ. ಚ ವರ್ಗದ ಜಾಗದಲ್ಲಿ ‘ಸ’ ಕುಳಿತಿದೆ. ಟ ವರ್ಗ ಆ ಭಾಷೆಯಲ್ಲಿಲ್ಲ; ತ ವರ್ಗದಿಂದ ‘ತ’ ಮತ್ತು ಅದರ ಅನುನಾಸಿಕವಾದ ‘ನ’ ಬಂದಿವೆ. ಪ ವರ್ಗದ ಜಾಗದಲ್ಲಿ ‘ಹ’, ಅದರ ಬೆನ್ನಿಗೆ ‘ಮ’, ಕೊನೆಗೆ ನಾವು ಶಾಲೆಯಲ್ಲಿ ಹೇಳಿದಂತೆಯೇ ಯ, ರ, ವ.

ಈ ಹೋಲಿಕೆ ಆಕಸ್ಮಿಕವಲ್ಲ. ಬೌದ್ಧ ಧರ್ಮದ ಜೊತೆಯಲ್ಲಿ ಸಂಸ್ಕೃತವೂ ಅದನ್ನು ಬರೆಯುವ ಸಿದ್ಧಂ ಲಿಪಿಯೂ ಜಪಾನನ್ನು ತಲುಪಿದವು. ಭಾರತದಿಂದ ಹೊರಟ ಬೋಧಿಸೇನ ಎಂಬ ಭಿಕ್ಷು 736ರಲ್ಲಿ ಜಪಾನನ್ನು ಸೇರಿ, 752ರಲ್ಲಿ ನಾರಾ ನಗರದ ತೋದೈಜಿ ದೇವಾಲಯದ ಮಹಾಬುದ್ಧ ವಿಗ್ರಹದ ನೇತ್ರೋನ್ಮೀಲನವನ್ನು ನೆರವೇರಿಸಿದನು. ಚೀನಾದಲ್ಲಿ ಓದಿದ ಕೂಕೈ ಎಂಬ ಜಪಾನಿ ಭಿಕ್ಷು 806ರಲ್ಲಿ ಸಿದ್ಧಂ ಗ್ರಂಥಗಳೊಂದಿಗೆ ತಾಯ್ನಾಡಿಗೆ ಮರಳಿದನು. ಅಲ್ಲಿನ ಭಿಕ್ಷುಗಳು ಸಂಸ್ಕೃತದ ಅಕ್ಷರಕ್ರಮವನ್ನು ಅಭ್ಯಾಸ ಮಾಡುತ್ತ ತಮ್ಮ ಭಾಷೆಯ ಧ್ವನಿಗಳನ್ನೂ ಅದೇ ಕ್ರಮದಲ್ಲಿ ಜೋಡಿಸಿದರು. ಆದ್ದರಿಂದ ಇಂದಿಗೂ ಜಪಾನಿ ನಿಘಂಟನ್ನು ತೆರೆದ ಕನ್ನಡಿಗನಿಗೆ ಯಾವ ಪದ ಯಾವುದರ ಹಿಂದೆ, ಯಾವುದರ ಮುಂದೆ ಎಂಬುದು ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ.

‘ಪ’ ಇರಬೇಕಾದ ಜಾಗದಲ್ಲಿ ‘ಹ’ ಏಕಿದೆ ಎಂಬ ಪ್ರಶ್ನೆಯನ್ನು ಅಲಕ್ಷಿಸಬಾರದು. ಮುಂದೆ ಕಲಿಯುವ ಒಂದು ನಿಯಮ ಇದರ ಮೇಲೆಯೇ ನಿಂತಿದೆ. ಹಳಗನ್ನಡದ ಪಾಲ್ ಹೊಸಗನ್ನಡದಲ್ಲಿ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಇಂಥದೇ ಬದಲಾವಣೆ ಜಪಾನಿಯಲ್ಲೂ ನಡೆದಿದೆ: ಇಂದಿನ ‘ಹ’ ಸಾಲು ಬಹಳ ಹಿಂದೆ ‘ಪ’ ಸಾಲಾಗಿತ್ತು. ಧ್ವನಿ ಬದಲಾಯಿತು, ಪಟದಲ್ಲಿನ ಜಾಗ ಮಾತ್ರ ಬದಲಾಗಲಿಲ್ಲ. ‘ಸ’ ಸಾಲಿನ ಹಳೆಯ ಉಚ್ಚಾರವೂ ‘ಚ’ಕಾರಕ್ಕೆ ಹತ್ತಿರವಾಗಿತ್ತೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ.

ಇನ್ನು ಲಿಪಿಯ ವಿಚಾರ. ಜಪಾನಿ ಬರಹದಲ್ಲಿ ಮೂರು ಬಗೆಯ ಅಕ್ಷರಗಳು ಒಂದೇ ವಾಕ್ಯದಲ್ಲಿ ಬೆರೆತು ಬರುತ್ತವೆ. ಚೀನಾದಿಂದ ಬಂದ, ಅರ್ಥವನ್ನು ಸೂಚಿಸುವ ಚಿಹ್ನೆಗಳು ಕಂಜಿ. ಆ ಕಂಜಿಗಳಿಂದಲೇ ಸುಮಾರು ಒಂಬತ್ತನೆಯ ಶತಮಾನದಲ್ಲಿ ರೂಪುಗೊಂಡ, ಧ್ವನಿಯನ್ನು ಮಾತ್ರ ಸೂಚಿಸುವ ಎರಡು ಲಿಪಿಗಳು ಹಿರಗನ ಮತ್ತು ಕತಕನ. ಇವೆರಡಕ್ಕೂ ಸೇರಿ ಕನ ಎಂದು ಹೆಸರು. ನಮ್ಮಲ್ಲಿ ‘ಹಿರಗಾನಾ’, ‘ಕಟಾಕಾನಾ’ ಎಂದು ದೀರ್ಘವೆಳೆದು ಬರೆಯುವುದುಂಟು, ಆದರೆ ಮೂಲದಲ್ಲಿ ಎಲ್ಲ ಅಕ್ಷರಗಳೂ ಹ್ರಸ್ವವೇ. ಪಟದ ಹೆಸರು ಐವತ್ತಾದರೂ ಇಂದು ಎರಡರಲ್ಲಿಯೂ 46 ಮೂಲಾಕ್ಷರಗಳಿವೆ ಮತ್ತು ಎರಡೂ ಅವೇ ಧ್ವನಿಗಳನ್ನು ಬರೆಯುತ್ತವೆ. ದೇಶೀ ಪದಗಳಿಗೆ, ವಿಭಕ್ತಿಗಳಂಥ ಪ್ರತ್ಯಯಗಳಿಗೆ, ಕ್ರಿಯಾಪದದ ಬಾಲಕ್ಕೆ ಹಿರಗನ. ಹೊರಗಿನಿಂದ ಬಂದ ಪದಗಳಿಗೆ, ಪರದೇಶದ ಊರು ಮತ್ತು ವ್ಯಕ್ತಿಗಳ ಹೆಸರಿಗೆ, ಅನೇಕ ಅನುಕರಣ ಶಬ್ದಗಳಿಗೆ ಕತಕನ. ಕಂಜಿಯನ್ನು ವೇಗದ ಕೈಬರಹದಲ್ಲಿ ಬರೆದು ಬರೆದು ಸವೆದ ರೂಪ ಹಿರಗನವಾದರೆ, ಕಂಜಿಯ ಒಂದು ತುಂಡನ್ನು ಮಾತ್ರ ಕತ್ತರಿಸಿ ಇಟ್ಟುಕೊಂಡದ್ದು ಕತಕನ. ‘ಕ’ ಅಕ್ಷರವನ್ನೇ ನೋಡಿ: ‘ಕೂಡಿಸು’ ಎಂಬ ಅರ್ಥದ ಕಂಜಿಯ ಎಡಭಾಗವಷ್ಟೇ ಕತಕನದ ‘ಕ’; ಅದೇ ಕಂಜಿಯನ್ನು ಇಡಿಯಾಗಿ ವೇಗವಾಗಿ ಬರೆದಾಗ ಬಲಭಾಗದ ಚೌಕ ಕರಗಿ ಒಂದು ಸಣ್ಣ ಗೀಟಾಗಿ ಉಳಿದದ್ದು ಹಿರಗನದ ‘ಕ’.

ಮೊದಲು ಹಿರಗನವನ್ನು ಕಲಿಯಬೇಕು. ಇಲ್ಲಿ ಕನ್ನಡಿಗರು ಒಂದು ನಿರಾಶೆಗೆ ಸಿದ್ಧರಾಗಿರಬೇಕು: ಈ ಲಿಪಿಯಲ್ಲಿ ಕಾಗುಣಿತವಿಲ್ಲ. ನಮ್ಮ ‘ಕ’ ಗುಡಿಸು ಪಡೆದು ‘ಕಿ’ ಆಗುತ್ತದೆ, ಕೊಂಬು ಪಡೆದು ‘ಕು’ ಆಗುತ್ತದೆ, ಆದರೆ ಒಡಲು ಅದೇ ಇರುತ್ತದೆ. ಹಿರಗನದಲ್ಲಿ ಕ, ಕಿ, ಕು, ಕೆ, ಕೊ ಎಂಬ ಐದಕ್ಕೂ ಐದು ಬೇರೆ ಆಕಾರಗಳಿದ್ದು, ಒಂದಕ್ಕೂ ಇನ್ನೊಂದಕ್ಕೂ ಯಾವ ನಂಟೂ ಇಲ್ಲ. ‘ಕು’ ಎಂದರೆ ಎಡಕ್ಕೆ ಮೂತಿ ಚಾಚಿದ ಒಂದೇ ಕೋನದ ಗೆರೆ. ‘ಕೊ’ ಎಂದರೆ ಒಂದರ ಕೆಳಗೊಂದು ಎರಡು ಅಡ್ಡ ಗೀಟುಗಳು. ಆದ್ದರಿಂದ ಕ್ರಮವನ್ನು ವರ್ಣಮಾಲೆಯಿಂದ ಎರವಲು ಪಡೆಯಬಹುದು, ಆಕಾರಗಳನ್ನು ಮಾತ್ರ ಕೈಯಿಂದಲೇ ಗಳಿಸಬೇಕು.

ಅದಕ್ಕಾಗಿ ಚಿಕ್ಕ ಮಕ್ಕಳ ಗಣಿತದ ಚೌಕಳಿ ಪುಸ್ತಕವೊಂದನ್ನು ಕೊಂಡುಕೊಳ್ಳಿ; ಅಪ್ಪಾ ಬಳವಂತ ಚೌಕದ ಯಾವ ಅಂಗಡಿಯಲ್ಲಾದರೂ ಅದು ಸಿಗುತ್ತದೆ. ನಾಲ್ಕು ಚೌಕಗಳನ್ನು ಒಂದು ಮನೆಯೆಂದು ಭಾವಿಸಿ ಒಂದು ಅಕ್ಷರವನ್ನು ಅದರಲ್ಲಿ ಬರೆದರೆ, ಗೆರೆ ಎಲ್ಲಿ ಮಧ್ಯವನ್ನು ದಾಟುತ್ತದೆ, ಎಲ್ಲಿ ಬಾಗುತ್ತದೆ ಎಂಬುದು ಕಣ್ಣಿಗೆ ಬೀಳುತ್ತದೆ. ದಿನಕ್ಕೊಂದು ಸಾಲು, ಅಂದರೆ ಐದು ಅಕ್ಷರ, ಸಾಕು. ಹದಿನೈದು ದಿನಗಳಲ್ಲಿ ಹಿರಗನ ಮುಗಿದು ಪುನರಾವರ್ತನೆಗೂ ಬಿಡುವು ಸಿಗುತ್ತದೆ. ಗೆರೆಗಳ ಕ್ರಮವನ್ನು ಮೊದಲ ದಿನದಿಂದಲೇ ಪಾಲಿಸಬೇಕು: ಮೇಲಿನದು ಮೊದಲು, ಕೆಳಗಿನದು ಆಮೇಲೆ, ಎಡದ್ದು ಮೊದಲು, ಬಲದ್ದು ಆಮೇಲೆ, ಅಡ್ಡಗೆರೆ ಮತ್ತು ಉದ್ದಗೆರೆ ಕೂಡುವಲ್ಲಿ ಸಾಮಾನ್ಯವಾಗಿ ಅಡ್ಡಗೆರೆ ಮೊದಲು. ‘ಅ’ ಅಕ್ಷರಕ್ಕೆ ಮೂರು ಗೆರೆಗಳು. ಮೊದಲು ಒಂದು ಅಡ್ಡ ಗೀಟು, ಎರಡನೆಯದು ಅದನ್ನು ಸೀಳಿ ಇಳಿಯುವ, ತುಸು ಬಾಗಿದ ಉದ್ದ ಗೀಟು, ಮೂರನೆಯದು ಬಲದಿಂದ ಓರೆಯಾಗಿ ಇಳಿದು ಎಡಕ್ಕೆ ಸುತ್ತಿ ಮೇಲೇರಿ ಬಲಕ್ಕೆ ದೊಡ್ಡದಾಗಿ ತಿರುಗುವ ದುಂಡು. ದುಂಡಕ್ಷರ ಬರೆದು ಪಳಗಿದ ಕನ್ನಡಿಗರ ಕೈಗೆ ಈ ಮೂರನೆಯ ಗೆರೆ ಬೇಗ ಒಲಿಯುತ್ತದೆ. ಮೊದಲೆರಡು ಗೆರೆಗಳನ್ನು ನೆಟ್ಟಗೆ ನಿಲ್ಲಿಸುವುದೇ ನಮಗೆ ಕಷ್ಟ. ಜಪಾನ್ ಫೌಂಡೇಷನ್ ನಡೆಸುವ, ಜುಲೈ ಮತ್ತು ಡಿಸೆಂಬರಿನಲ್ಲಿ ಬರುವ ಜೆಎಲ್‌ಪಿಟಿ ಎಂಬ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿ ಉತ್ತರವನ್ನು ಗುರುತುಹಾಕಿದರೆ ಸಾಕು, ಕೈಯಿಂದ ಬರೆಯಬೇಕಿಲ್ಲ ಎಂದು ಕೆಲವರು ಈ ಅಭ್ಯಾಸವನ್ನೇ ಬಿಡುತ್ತಾರೆ. ಬರೆಯದೆ ಕಲಿತ ಅಕ್ಷರ ಮೂರು ವಾರಗಳಲ್ಲಿ ಅಳಿಸಿಹೋಗುವುದನ್ನು ನಾನು ಸ್ವತಃ ಅನುಭವಿಸಿದ್ದೇನೆ.

ಕೆಲವು ಅಕ್ಷರಗಳು ಒಂದರಂತೆ ಒಂದು ಕಾಣುತ್ತವೆ. ಇವನ್ನು ಬಿಡಿಯಾಗಿ ಕಲಿಯದೆ ಜೋಡಿಯಾಗಿ ಅಕ್ಕಪಕ್ಕ ಬರೆದು ಕಲಿಯುವುದು ಲೇಸು. ‘ನು’ ಮತ್ತು ‘ಮೆ’ ಎರಡಕ್ಕೂ ಒಂದೇ ದುಂಡು, ಆದರೆ ‘ನು’ ಕೊನೆಯಲ್ಲಿ ಒಂದು ಸಣ್ಣ ಕುಣಿಕೆಯನ್ನು ಹಾಕುತ್ತದೆ. ‘ರು’ ಮತ್ತು ‘ರೊ’ಗಳ ವ್ಯತ್ಯಾಸವೂ ಇದೇ: ಕುಣಿಕೆ ಇದ್ದರೆ ‘ರು’, ಇಲ್ಲದಿದ್ದರೆ ‘ರೊ’. ನೆ, ರೆ, ವ ಎಂಬ ಮೂರರ ಎಡಭಾಗ ಒಂದೇ. ಬಾಲ ಕುಣಿಕೆಯಾದರೆ ‘ನೆ’, ಹೊರಕ್ಕೆ ಚಿಮ್ಮಿದರೆ ‘ರೆ’, ಒಳಕ್ಕೆ ಬಾಗಿ ನಿಂತರೆ ‘ವ’. ‘ಸ’ಕ್ಕೆ ಒಂದು ಅಡ್ಡ ಗೀಟು, ‘ಕಿ’ಗೆ ಎರಡು. ಈ ಎರಡು ಅಕ್ಷರಗಳ ಕೆಳಗಿನ ಬಾಗು ಅಚ್ಚಿನಲ್ಲಿ ಮೇಲಿನ ಗೆರೆಗೆ ಅಂಟಿಕೊಂಡಿರುತ್ತದೆ, ಕೈಬರಹದಲ್ಲಿ ಬೇರೆಯಾಗಿರುತ್ತದೆ. ಅಚ್ಚಿನ ರೂಪ ಮತ್ತು ಕೈಬರಹದ ರೂಪ ಬೇರೆ ಬೇರೆ ಅಕ್ಷರಗಳೆಂದು ಹೆದರಬೇಕಾಗಿಲ್ಲ.

ಉಚ್ಚಾರದಲ್ಲಿ ಪಟದ ಲೆಕ್ಕ ತಪ್ಪುವ ಜಾಗಗಳು ಕೆಲವೇ. ‘ಸ’ ಸಾಲಿನ ಎರಡನೆಯ ಅಕ್ಷರ ‘ಸಿ’ ಅಲ್ಲ, ‘ಶಿ’. ‘ತ’ ಸಾಲಿನಲ್ಲಿ ‘ತಿ’ ಬದಲು ‘ಚಿ’, ‘ತು’ ಬದಲು ‘ತ್ಸು’. ಪುಣೆಯಲ್ಲಿರುವವರಿಗೆ ಈ ‘ತ್ಸ’ ಹೊಸದಲ್ಲ. ಮರಾಠಿಯ ‘ಚಾಂಗಲಾ’ ಎಂಬ ಮಾತಿನ ಮೊದಲ ಅಕ್ಷರದಲ್ಲಿ ಅದನ್ನು ದಿನವೂ ಕೇಳುತ್ತೇವೆ. ‘ಹ’ ಸಾಲಿನ ಮೂರನೆಯದು ‘ಹು’ ಮತ್ತು ‘ಫು’ಗಳ ನಡುವಿನದು, ಕೆಳತುಟಿಗೆ ಹಲ್ಲು ತಾಗಿಸದೆ, ಬಿಸಿ ಕಾಫಿಯನ್ನು ಊದಿ ಆರಿಸುವಾಗಿನಂತೆ ಎರಡು ತುಟಿಗಳ ನಡುವಿನಿಂದ ಗಾಳಿ ಬಿಟ್ಟರೆ ಸರಿಯಾಗುತ್ತದೆ. ‘ರ’ ಹಗುರವಾದ ಒಂದೇ ತಟ್ಟು. ‘ಲ’ ಇಲ್ಲದ ಕಾರಣ ಲಲಿತಾ ಎಂಬುವರು ಕತಕನದಲ್ಲಿ ‘ರರಿತಾ’ ಆಗಲೇಬೇಕು.

ಈಗ ಹಿಂದೆ ಹೇಳಿದ ನಿಯಮಕ್ಕೆ ಬರೋಣ. ಅಕ್ಷರದ ಬಲ ಮೇಲ್ತುದಿಯಲ್ಲಿ ಎರಡು ಪುಟ್ಟ ಗೀಟುಗಳನ್ನು ಇಟ್ಟರೆ ‘ಕ’ ಸಾಲು ‘ಗ’ ಸಾಲಾಗುತ್ತದೆ, ‘ತ’ ಸಾಲು ‘ದ’ ಆಗುತ್ತದೆ, ‘ಸ’ ಸಾಲು ಮರಾಠಿಯ ‘ಜಾಗಾ’ದ ಮೊದಲ ಧ್ವನಿಗೆ ಹತ್ತಿರವಾಗುತ್ತದೆ. ನಾವು ‘ಬ’ದ ಹೊಟ್ಟೆ ಸೀಳಿ ‘ಭ’ ಮಾಡುವಂತೆ ಅವರು ಗೀಟಿಟ್ಟು ಘೋಷಾಕ್ಷರ ಮಾಡುತ್ತಾರೆ. ಆದರೆ ‘ಹ’ಕ್ಕೆ ಗೀಟಿಟ್ಟರೆ ‘ಬ’ ಆಗುತ್ತದೆ, ಪುಟ್ಟ ಸೊನ್ನೆಯಿಟ್ಟರೆ ‘ಪ’ ಆಗುತ್ತದೆ. ತರಗತಿಯಲ್ಲಿ ಇದನ್ನು ಅಪವಾದವೆಂದು ಬಾಯಿಪಾಠ ಮಾಡಿಸುತ್ತಾರೆ. ಹಾಲು ಒಂದು ಕಾಲಕ್ಕೆ ಪಾಲಾಗಿತ್ತೆಂದು ಬಲ್ಲವರಿಗೆ ಇದು ಅಪವಾದವಾಗಿ ತೋರುವುದಿಲ್ಲ: ಗೀಟಿನ ನಿಯಮ ಹಳೆಯ ‘ಪ’ವನ್ನು ಇಂದಿಗೂ ನೆನಪಿನಲ್ಲಿಟ್ಟುಕೊಂಡಿದೆ, ಅಷ್ಟೆ.

ಉಳಿದ ಮುಖ್ಯ ಸಂಗತಿ ಕಾಲಮಾನ. ಪ್ರೌಢಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿ, ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ಎಣಿಸಿದ್ದನ್ನು ನೆನಪಿಸಿಕೊಳ್ಳಿ. ಜಪಾನಿ ಮಾತು ನಡೆಯುವುದು ಈ ಮಾತ್ರೆಗಳ ಲೆಕ್ಕದಲ್ಲೇ. ಹೈಕುವಿನ ಐದು–ಏಳು–ಐದು ಕೂಡ ಇದೇ ಎಣಿಕೆ. ‘ನಿಪ್ಪೊನ್’ ಎಂಬುದರಲ್ಲಿ ಎರಡು ಗುರುಗಳು, ನಾಲ್ಕು ಮಾತ್ರೆ. ಹಿರಗನದಲ್ಲೂ ಅದಕ್ಕೆ ನಾಲ್ಕು ಅಕ್ಷರ. ಒತ್ತಕ್ಷರವನ್ನು ಸೂಚಿಸಲು ಅವರು ‘ತ್ಸು’ ಅಕ್ಷರವನ್ನು ಚಿಕ್ಕದಾಗಿ ಬರೆಯುತ್ತಾರೆ, ಅದಕ್ಕೊಂದು ಮಾತ್ರೆ. ‘ಕಿತೆ’ ಎಂದರೆ ಬಾ, ‘ಕಿತ್ತೆ’ ಎಂದರೆ ಅಂಚೆಚೀಟಿ. ಕತೆ ಮತ್ತು ಕತ್ತೆಗಳ ಭೇದವನ್ನು ಹುಟ್ಟಿನಿಂದ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕ್ಯ’, ‘ಕ್ಯು’, ‘ಕ್ಯೊ’ಗಳಿಗೆ ‘ಕಿ’ ಬರೆದು ಪಕ್ಕದಲ್ಲಿ ಚಿಕ್ಕ ಯ, ಯು, ಯೊ ಇಡುತ್ತಾರೆ. ಇಲ್ಲಿ ಎರಡೂ ಸೇರಿ ಒಂದೇ ಮಾತ್ರೆ. ಆ ‘ಯೊ’ವನ್ನು ಚಿಕ್ಕದು ಮಾಡಲು ಮರೆತರೆ ಅರ್ಥ ಕೆಡುತ್ತದೆ: ‘ಬ್ಯೋಇನ್’ ಆಸ್ಪತ್ರೆ, ‘ಬಿಯೋಇನ್’ ಸೌಂದರ್ಯ ಮಳಿಗೆ.

ದೀರ್ಘಸ್ವರವನ್ನು ಬರೆಯಲು ಹಿರಗನದಲ್ಲಿ ಇನ್ನೊಂದು ಸ್ವರವನ್ನೇ ಸೇರಿಸುತ್ತಾರೆ: ಅ ಮುಂದೆ ಅ, ಇ ಮುಂದೆ ಇ, ಉ ಮುಂದೆ ಉ. ಆದರೆ ‘ಏ’ ಬೇಕಾದರೆ ಹೆಚ್ಚಾಗಿ ಎ ಮುಂದೆ ಇ, ‘ಓ’ ಬೇಕಾದರೆ ಹೆಚ್ಚಾಗಿ ಒ ಮುಂದೆ ಉ. ತೋಕ್ಯೋ ಎಂಬುದನ್ನು ‘ತೊ–ಉ–ಕ್ಯೊ–ಉ’ ಎಂದು ಬರೆಯಬೇಕು. ಓಸಕ ಮಾತ್ರ ಈ ನಿಯಮಕ್ಕೆ ಒಳಗಾಗದೆ ಎರಡು ‘ಒ’ಗಳನ್ನು ಇಟ್ಟುಕೊಂಡಿದೆ. ಪುಣೆಯ ತರಗತಿಗಳಲ್ಲಿ ಕಲಿಯುವವರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಅಲ್ಲಿ ಹಲಗೆಯ ಮೇಲೆ ಉಚ್ಚಾರವನ್ನು ದೇವನಾಗರಿಯಲ್ಲಿ ಬರೆಯುವುದು ರೂಢಿ, ಮತ್ತು ಮರಾಠಿ ಬರಹದಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ಬೇರೆ ಚಿಹ್ನೆಯಿಲ್ಲ. ಹಲಗೆಯಲ್ಲಿರುವುದನ್ನು ಹಾಗೆಯೇ ಇಳಿಸಿಕೊಂಡರೆ ‘ಕೊಕೊ’, ಅಂದರೆ ಇಲ್ಲಿ ಎಂಬುದೂ ‘ಕೋಕೋ’, ಅಂದರೆ ಪ್ರೌಢಶಾಲೆ ಎಂಬುದೂ ಪುಸ್ತಕದಲ್ಲಿ ಒಂದೇ ಆಗಿಬಿಡುತ್ತವೆ. ಟಿಪ್ಪಣಿಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ. ಹ್ರಸ್ವ ದೀರ್ಘಗಳೆರಡನ್ನೂ ತೋರಿಸಲು ನಮ್ಮ ಲಿಪಿ ಇಂಗ್ಲಿಷ್ ಅಕ್ಷರಗಳಿಗಿಂತಲೂ ಉತ್ತಮ. ಜೋಶಿ ಎಂಬ ಅಡ್ಡಹೆಸರಿನ ನಾನು ಇದನ್ನು ಕಲಿತದ್ದು ನಗೆಗೀಡಾಗಿ. ಕಚೇರಿಗೆ ಬಂದ ಜಪಾನಿ ಅತಿಥಿಗಳೆದುರು ನನ್ನ ಹೆಸರನ್ನು ಮೊಟಕಾಗಿ ‘ಜೊಶಿ’ ಎಂದೆ. ಅವರ ಭಾಷೆಯಲ್ಲಿ ಅದು ಹೆಣ್ಣುಮಗಳು ಎಂಬ ಪದ. ದೀರ್ಘ ಸರಿಪಡಿಸಿ ‘ಜೋಶಿ’ ಎಂದಾಗ ನಗು ಇನ್ನೂ ಜೋರಾಯಿತು, ಏಕೆಂದರೆ ಅದರ ಅರ್ಥ ಮೇಲಧಿಕಾರಿ, ಮತ್ತು ನನ್ನ ನಿಜವಾದ ಮೇಲಧಿಕಾರಿ ಪಕ್ಕದಲ್ಲೇ ನಿಂತಿದ್ದರು.

ಪಟದ ಕೊನೆಯಲ್ಲಿ ಒಂಟಿಯಾಗಿ ನಿಂತಿರುವ ‘ನ್’ ನಮ್ಮ ಅನುಸ್ವಾರವೇ ಸರಿ. ಅಂಕ, ಅಂತ, ಅಂಬಾ ಎಂಬಲ್ಲಿ ಒಂದೇ ಸೊನ್ನೆ ಮೂರು ಬಗೆಯಾಗಿ ನುಡಿಯುವಂತೆ ಅದೂ ಮುಂದಿನ ವ್ಯಂಜನವನ್ನು ನೋಡಿ ಬದಲಾಗುತ್ತದೆ. ಅದಕ್ಕೂ ಪೂರ್ತಿ ಒಂದು ಮಾತ್ರೆ ಕೊಡಬೇಕು, ಮುಂದೆ ಸ್ವರ ಬಂದರೆ ಅದರೊಡನೆ ಸಂಧಿ ಮಾಡಬಾರದು: ಧೂಮಪಾನ ನಿಷೇಧವೆಂಬ ಅರ್ಥದ ಪದ ‘ಕಿನ್–ಎನ್’, ‘ಕಿನೆನ್’ ಅಲ್ಲ.

ಹಿರಗನ ಕೈಗೆ ಕುಳಿತ ಮೇಲೆ ಕತಕನಕ್ಕೆ ಹತ್ತು ದಿನ ಸಾಕು. ಧ್ವನಿಗಳೆಲ್ಲ ಅವೇ, ಕ, ಕಿ, ಹೆ, ಮೊ, ಯ, ರಿ ಮೊದಲಾದವುಗಳ ಆಕಾರವೂ ಹೆಚ್ಚುಕಡಿಮೆ ಅದೇ. ದೀರ್ಘಕ್ಕೆ ಇಲ್ಲಿ ಸ್ವರದ ಬದಲು ಒಂದು ಅಡ್ಡಗೆರೆ ಎಳೆದರೆ ಸಾಕು. ಅಭ್ಯಾಸಕ್ಕೆ ನಮ್ಮ ಸುತ್ತಲಿನ ಊರುಗಳ ಹೆಸರನ್ನೇ ತೆಗೆದುಕೊಳ್ಳಿ. ಪುಣೆ ಎಂಬುದಕ್ಕೆ ಮೂರು ಚಿಹ್ನೆಗಳು: ಬಲಕ್ಕೆ ಸಾಗಿ ಥಟ್ಟನೆ ಎಡಕ್ಕೆ ಇಳಿಜಾರುವ ಒಂದೇ ಗೆರೆಯ ‘ಫು’, ಅದರ ತಲೆಯ ಮೇಲೆ ಸೊನ್ನೆಯಿಟ್ಟರೆ ‘ಪು’, ನಾಲ್ಕು ಗೆರೆಗಳ ‘ನೆ’, ಕೊನೆಗೆ ಅಡ್ಡಗೆರೆ. ಓದಿದರೆ ‘ಪುನೇ’, ಲಘು ಮತ್ತು ಗುರು, ಮೂರು ಮಾತ್ರೆ. ಮುಂಬೈ ನಾಲ್ಕು ಅಕ್ಷರ: ಮು, ನ್, ಬ, ಇ, ನಡುವಿನ ‘ನ್’ ಬಕಾರದ ಮುಂದೆ ತಾನಾಗಿ ‘ಮ್’ ಆಗುತ್ತದೆ. ಗೋವಾ ಎರಡೇ ಅಕ್ಷರ: ಎಡಬದಿ ತೆರೆದ ಚೌಕದಂಥ ‘ಕೊ’ಗೆ ಎರಡು ಗೀಟು, ಪಕ್ಕದಲ್ಲೊಂದು ‘ಅ’.

ಕತಕನದ ನಿಜವಾದ ತೊಡಕು ಶಿ, ತ್ಸು, ನ್, ಸೊ ಎಂಬ ನಾಲ್ಕು ಅಕ್ಷರಗಳದ್ದು. ಎಲ್ಲಕ್ಕೂ ಒಂದು ಉದ್ದ ಗೆರೆ ಮತ್ತು ಒಂದೋ ಎರಡೋ ತುಂಡು ಗೆರೆಗಳು. ‘ಶಿ’ ಮತ್ತು ‘ನ್’ಗಳಲ್ಲಿ ತುಂಡು ಗೆರೆಗಳು ಮಲಗಿರುತ್ತವೆ, ಎಡಬದಿಗೆ ಒರಗಿರುತ್ತವೆ, ಉದ್ದ ಗೆರೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ‘ತ್ಸು’ ಮತ್ತು ‘ಸೊ’ಗಳಲ್ಲಿ ಅವು ನಿಂತಿರುತ್ತವೆ, ಮೇಲ್ಭಾಗದಲ್ಲಿ ಸಾಲಾಗಿರುತ್ತವೆ, ಉದ್ದ ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ತುಂಡು ಎರಡಿದ್ದರೆ ಶಿ, ತ್ಸು. ಒಂದಿದ್ದರೆ ನ್, ಸೊ. ಗೆರೆಯ ದಿಕ್ಕನ್ನು ಕೈ ಅರಿಯದೆ ಕಣ್ಣು ಇವುಗಳನ್ನು ಬೇರ್ಪಡಿಸುವುದಿಲ್ಲ.

ಬರೆದಂತೆ ಓದುವ ನಮ್ಮ ಅಭ್ಯಾಸಕ್ಕೆ ಅಡ್ಡ ಬರುವ ಮೂರು ಪ್ರಯೋಗಗಳನ್ನು ಕೊನೆಗೆ ಗುರುತಿಸಿಕೊಳ್ಳಿ. ವಾಕ್ಯದ ವಿಷಯವನ್ನು ಸೂಚಿಸುವ ಪ್ರತ್ಯಯವನ್ನು ‘ಹ’ ಎಂದು ಬರೆದು ‘ವ’ ಎಂದು ಓದುತ್ತಾರೆ. ‘ಕೊನ್ನಿಚಿವ’ ಎಂಬ ನಮಸ್ಕಾರದ ಕೊನೆಯ ಅಕ್ಷರವೂ ಇದೇ. ದಿಕ್ಕನ್ನು ಸೂಚಿಸುವ ‘ಹೆ’ಯನ್ನು ‘ಎ’ ಎಂದೂ, ಕರ್ಮವನ್ನು ಸೂಚಿಸುವ, ‘ವ’ ಸಾಲಿನ ಕೊನೆಯ ಅಕ್ಷರವನ್ನು ‘ಒ’ ಎಂದೂ ಓದಬೇಕು. ಇವಲ್ಲದೆ, ವಾಕ್ಯದ ಕೊನೆಗೆ ಬರುವ ‘ದೆಸು’ ಎಂಬುದು ಬಾಯಲ್ಲಿ ‘ದೆಸ್’ ಎಂದೇ ಕೇಳಿಸುತ್ತದೆ, ಬರೆಯುವಾಗ ಮಾತ್ರ ‘ಸು’ವನ್ನು ಬಿಡುವಂತಿಲ್ಲ.

ಪಟದ ಕ್ರಮ ನಮಗೆ ಸಲೀಸಾದಷ್ಟೂ ಒಂದು ಅಪಾಯವಿದೆ: ಅ, ಇ, ಉ ಎಂದು ಹಾಡುತ್ತ ಹೋಗುವವರು ನಡುವಿನ ಒಂದಕ್ಷರವನ್ನು ಬಿಡಿಯಾಗಿ ತೋರಿಸಿದರೆ ತಡವರಿಸುತ್ತಾರೆ. ಆದ್ದರಿಂದ 92 ಅಕ್ಷರಗಳನ್ನೂ ಇಸ್ಪೀಟೆಲೆಯ ಹಾಗೆ ಚೀಟಿಗಳಲ್ಲಿ ಬರೆದು ಕಲಸಿ, ಮನೆಯವರಿಗೆ ಕೊಟ್ಟು ಒಂದೊಂದಾಗಿ ಎತ್ತಿಸಿ ಓದಿ. ಒಂದೂ ತಡೆಯದೆ ಓದಿದ ದಿನ ಕಂಜಿಯನ್ನು ಆರಂಭಿಸಬಹುದು. ಆ ಮೊದಲ ಪಾಠದಲ್ಲಿ ಒಂದು ಎಂದರೆ ಒಂದು ಅಡ್ಡಗೆರೆ, ಎರಡು ಎಂದರೆ ಎರಡು ಅಡ್ಡಗೆರೆ, ಮೂರು ಎಂದರೆ ಮೂರು. ಕತಕನದ ‘ನಿ’ ಕೂಡ ಎರಡು ಅಡ್ಡಗೆರೆಗಳೇ, ಎರಡು ಎಂಬ ಸಂಖ್ಯೆಯನ್ನು ಓದುವುದೂ ‘ನಿ’ ಎಂದೇ. ಎದುರಿಗಿರುವುದು ಲಿಪಿಯ ಅಕ್ಷರವೋ ಸಂಖ್ಯೆಯೋ ಎಂಬುದನ್ನು ಅಕ್ಕಪಕ್ಕದ ಅಕ್ಷರಗಳನ್ನು ನೋಡಿ ತೀರ್ಮಾನಿಸಬೇಕು.